ಕೆಂಪಾಗಿಲ್ವಲ್ಲ ಮಾವ

ಮಾವನ ಮನೆಯ ನೆಲ ಕೆಂಪು. ಹಳೆಯ ರೆಡ್ ಆಕ್ಸೈಡ್ ನೆಲ. ಅತ್ತೆ ಮದುವೆಯಾಗಿ ಬಂದ ಲಾಗಾಯ್ತಿನಿಂದ ಒರೆಸಿ ಒರೆಸಿ ಈಗ ಅದರಲ್ಲಿ ಮುಖ ಕಾಣುತ್ತದೆ. ಮುಖ ಕಂಡರೂ ರಕ್ತ ಕಾಣುವುದಿಲ್ಲ. ಕಳೆದ ಆಟಿ ತಿಂಗಳ ಮಳೆಯಲ್ಲಿ ಮಾವನ ಕಾಲಿಗೆ ಗಾಯವಾದದ್ದು ಅತ್ತೆಗೆ ಗೊತ್ತಾದದ್ದು ಇರುವೆಗಳಿಂದ. ಅಂಗಳದ ಮೆಟ್ಟಿಲಿನಿಂದ ಚಾವಡಿ ದಾಟಿ ಮಾವನ ಮಂಚದವರೆಗೆ, ಹೆಜ್ಜೆಗೊಂದರಂತೆ, ಇರುವೆಗಳ ಸಣ್ಣ ಸಣ್ಣ ಗುಂಪು. ಯಾರೋ ಸಕ್ಕರೆ ಚೆಲ್ಲಿದ್ದಾರೆ ಎಂದುಕೊಂಡು ಅತ್ತೆ ಒದ್ದೆ ಬಟ್ಟೆ ತಂದು ಒರೆಸಿದರೆ ಬಟ್ಟೆ ಕಂದು ಬಣ್ಣಕ್ಕೆ ತಿರುಗಿತು. ಮಾವ ಮಂಚದಲ್ಲಿ ಕಾಲಿನ ಮೇಲೆ ಕಾಲು ಹಾಕಿ ಪೇಪರ್ ಓದುತ್ತಿದ್ದರು. ಬಲಗಾಲಿನ ಹೆಬ್ಬೆರಳ ಬುಡದಲ್ಲಿ, ಅಂಗಾಲಿನ ಕಡೆ, ಒಂದಿಂಚು ಉದ್ದದ ಸೀಳು. ಬೆಳಿಗ್ಗೆ ತೋಟದ ಕಣಿ ಬಿಡಿಸಲು ಇಳಿದಾಗ ಒಡೆದ ಗೆರಟೆ ತಾಗಿರಬೇಕು ಎಂದರು. ‘ತಾಗಿರಬೇಕು’ ಅವರದೇ ಮಾತು. ತಾಗಿದ್ದು ಅವರಿಗೆ ಗೊತ್ತಿರಲಿಲ್ಲ.

ಆ ಒಂದು ಮಾತಿಗೆ ನಾವೆಲ್ಲ ಕಿವಿ ನೆಟ್ಟಗೆ ಮಾಡಬೇಕಿತ್ತು. ಹದಿನಾರು ವರ್ಷದಿಂದ ಶುಗರ್ ಮಾತ್ರೆ ನುಂಗುತ್ತಿರುವ ಮನುಷ್ಯ, ಅಂಗಾಲು ಸೀಳಿದರೂ ತಿಳಿಯಲಿಲ್ಲ ಎನ್ನುತ್ತಿದ್ದಾರೆ. ಆದರೆ ಅತ್ತೆಗೆ ಅದು ಮಾವನ ಧೈರ್ಯದಂತೆ ಕೇಳಿಸಿತು, ಮಾವನಿಗೂ ಹಾಗೆಯೇ ಕೇಳಿಸಿರಬೇಕು. ಅರಸಿನ, ತೆಂಗಿನೆಣ್ಣೆ, ಹಳೆ ಪಂಚೆಯ ತುಂಡು. ಮರುದಿನ ಪೇಟೆಗೆ ಹೋದಾಗ ಒಂದು ಟೀಟಿ. ಅಲ್ಲಿಗೆ ಮುಗಿಯಿತು.

ನಾನು ಹೋದದ್ದು ಐದನೆಯ ದಿನ. ಮಂಗಳೂರಿನಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಎರಡು ವಾರಕ್ಕೊಮ್ಮೆ ಶನಿವಾರ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಬಸ್ ಹಿಡಿದರೆ ಉಡುಪಿಯಲ್ಲಿ ಇಳಿದು ಬ್ರಹ್ಮಾವರದ ಕಡೆಗೆ ಇನ್ನೊಂದು ಬಸ್. ಮನೆ ಮುಟ್ಟುವಾಗ ಕತ್ತಲಾಗಿತ್ತು, ಹೊರಗೆ ಮಳೆ ಹೊಯ್ಯುತ್ತಿತ್ತು, ಕರೆಂಟು ಇರಲಿಲ್ಲ. ಅತ್ತೆ ‘ಒಮ್ಮೆ ನೋಡು ಮಾರಾಯ್ತಿ, ಬಟ್ಟೆ ವಾಸನೆ ಬರ್ತದೆ’ ಎಂದರು. ಮೊಬೈಲ್ ಟಾರ್ಚ್ ಹಾಕಿ ನೋಡಿದೆ. ಸೀಳಿನ ಬಾಯಿ ಕೂಡಿರಲಿಲ್ಲ, ಒಳಗೆ ಅರಸಿನವೋ ಇನ್ನೇನೋ ಹಳದಿಯಾಗಿ ಮೆತ್ತಿಕೊಂಡಿತ್ತು. ಸುತ್ತಲಿನ ಚರ್ಮ ಮಾವನ ಚರ್ಮದ ಹಾಗೆಯೇ ಇತ್ತು, ಕಪ್ಪಗೆ, ಸ್ವಲ್ಪ ಹೊಳೆಯುತ್ತ. ನೋವುಂಟಾ ಎಂದು ಕೇಳಿದೆ. ‘ಎಂತದೂ ಇಲ್ಲ’ ಎಂದರು. ಆಗ ನಾನು ಹೇಳಿದ ಮಾತು ಈಗಲೂ ಬಸ್ಸಿನಲ್ಲಿ ಕೂತಾಗ, ಪಾತ್ರೆ ತೊಳೆಯುವಾಗ, ಸುಮ್ಮನೆ ಬಂದು ಕುಟುಕುತ್ತದೆ: ‘ಕೆಂಪಾಗಿಲ್ವಲ್ಲ ಮಾವ. ಹಾಗಾದ್ರೆ ಎಂತ ತೊಂದರೆ ಇಲ್ಲ.’

ಮರುದಿನ ಮಧ್ಯಾಹ್ನ ಊಟಕ್ಕೆ ಕೂತವರು ಚಳಿ ಎಂದು ಎದ್ದರು. ಎರಡು ಕಂಬಳಿ ಹೊದೆಸಿದರೂ ಹಲ್ಲು ಕಟಕಟ ಎನ್ನುತ್ತಿತ್ತು.

ಕೆಂಪು ಎಂದರೆ ಯಾರ ಕೆಂಪು

ಆಸ್ಪತ್ರೆಯಲ್ಲಿ ಮೊದಲು ಬಂದದ್ದು ಒಬ್ಬರು ಸಿಸ್ಟರ್. ಗಾಯ ಬಿಚ್ಚುವ ಮೊದಲು ಅವರು ಮಾವನ ಎರಡೂ ಕಾಲುಗಳನ್ನು ಪಕ್ಕಪಕ್ಕ ಇಡಿಸಿದರು. ಪಂಚೆ ಮಂಡಿಯ ತನಕ ಮೇಲೆ. ಆಮೇಲೆ ತಮ್ಮ ಅಂಗೈ ಮಗುಚಿ, ಬೆರಳ ಹಿಂಬದಿಯಿಂದ, ಎಡಗಾಲು ಮುಟ್ಟಿ ಬಲಗಾಲು ಮುಟ್ಟಿ, ಮತ್ತೆ ಎಡ, ಮತ್ತೆ ಬಲ, ಪಾದದಿಂದ ಮೇಲಕ್ಕೆ ಹತ್ತುತ್ತ ಹೋದರು. ಕಾಲಗಂಟಿನ ಮೇಲೆ ನಾಲ್ಕು ಬೆರಳು ದಾಟಿದ ಮೇಲೆ ನಿಂತರು. ಕಿಸೆಯಿಂದ ನೀಲಿ ಬಾಲ್‌ಪೆನ್ ತೆಗೆದು ಅಲ್ಲೊಂದು ಗೆರೆ ಎಳೆದು, ಗೆರೆಯ ಪಕ್ಕ ಗಂಟೆ ಬರೆದರು. ನಾನು ‘ಕೆಂಪಾಗಿಲ್ಲ ಅಲ್ವಾ ಸಿಸ್ಟರ್’ ಎಂದೆ, ಇನ್ನೂ ನನ್ನ ಮಾತನ್ನು ಉಳಿಸಿಕೊಳ್ಳುವ ಆಸೆ. ಅವರು ತಲೆ ಎತ್ತದೆ ಹೇಳಿದರು: ‘ನಮ್ಮವರಲ್ಲಿ ಕೆಂಪು ಹುಡುಕ್ಬಾರ್ದು ಮೇಡಂ. ಬಿಸಿ ನೋಡ್ಬೇಕು. ಮತ್ತೆ ಆ ಕಾಲು ಹೇಗುಂಟು ನೋಡ್ಬೇಕು.’ ನನ್ನ ಕೈಯನ್ನೂ ಹಿಡಿದು ಮುಟ್ಟಿಸಿದರು. ಒಂದು ಕಾಲು ಮಳೆಗಾಲದ ಕಾಲಿನಂತೆ ತಣ್ಣಗೆ. ಇನ್ನೊಂದು ಇಳಿಸಿದ ಗಂಜಿ ಪಾತ್ರೆಯ ಹೊರಮೈ. ಹಗಲು ಬೆಳಕಿನಲ್ಲಿ ನೋಡಿದರೆ ಬಲಗಾಲಿನ ಚರ್ಮ ಬಿಗಿದು ಮಿಂಚುತ್ತಿತ್ತು, ಕೂದಲಿನ ಬುಡದ ಗುಳಿಗಳು ಎದ್ದು ಕಾಣುತ್ತಿದ್ದವು, ಬಣ್ಣ ಕೆಂಪಲ್ಲ, ನೇರಳೆ ಹಣ್ಣು ತಿಂದ ನಾಲಿಗೆಯ ಹಾಗೆ. ಹಿಂದಿನ ರಾತ್ರಿ ನಾನು ಕಂಡ ‘ಸ್ವಲ್ಪ ಹೊಳಪು’ ಇದೇ.

ಮನೆಗೆ ಬಂದ ಮೇಲೆ ಯೋಚಿಸಿದೆ, ಈ ಕೆಂಪಿನ ಪಾಠ ನನಗೆ ಎಲ್ಲಿಂದ ಬಂತು? ಶಾಲೆಯಲ್ಲಿ ಪ್ರಥಮ ಚಿಕಿತ್ಸೆ ಕಲಿಸಿದವರು ಹೇಳಿದ್ದರು: ಕೆಂಪು, ಊತ, ಬಿಸಿ, ನೋವು. ಇದೇ ನಾಲ್ಕನ್ನು ಇದೇ ರೀತಿ ಮೊದಲು ಬರೆದಿಟ್ಟವನು 1ನೇ ಶತಮಾನದ ರೋಮಿನ ಸೆಲ್ಸಸ್. ಎರಡು ಸಾವಿರ ವರ್ಷವಾಯಿತು, ಪಟ್ಟಿ ಬದಲಾಗಿಲ್ಲ, ಬದಲಾಗುವ ಅಗತ್ಯವೂ ಇಲ್ಲ, ಏಕೆಂದರೆ ದೇಹ ಮಾಡುವುದು ಅದನ್ನೇ: ಗಾಯದ ಕಡೆಗೆ ರಕ್ತನಾಳಗಳು ಅಗಲವಾಗಿ ರಕ್ತ ನುಗ್ಗುತ್ತದೆ, ಹಾಗಾಗಿ ಕೆಂಪು, ಹಾಗಾಗಿ ಬಿಸಿ, ನೀರಿನ ಅಂಶ ನಾಳದಿಂದ ಸೋರುತ್ತದೆ, ಹಾಗಾಗಿ ಊತ. ಆದರೆ ಆ ಕೆಂಪು ಬಿಳಿ ಗೋಡೆಯ ಮೇಲೆ ಕಾಣುವ ಕೆಂಪು. ಮಾವನ ಕಾಲು ಅವರ ಮನೆಯ ನೆಲದ ಹಾಗೆ, ಅಲ್ಲಿ ರಕ್ತ ಬಿದ್ದರೂ ಬಟ್ಟೆಯಿಂದ ಒರೆಸಿಯೇ ತಿಳಿಯಬೇಕು. ಇಂಟರ್ನೆಟ್ಟಿನಲ್ಲಿ ಸೋಂಕಾದ ಗಾಯ ಎಂದು ಹುಡುಕಿದರೆ ಬರುವ ಚಿತ್ರಗಳಲ್ಲಿ ಬಹುಪಾಲು ಬಿಳಿಯರ ಕೈಕಾಲು. ಟೊಮೆಟೊ ಬಣ್ಣದ ವೃತ್ತ ಎದ್ದು ಕಾಣುತ್ತದೆ. ನಮ್ಮ ಕಡೆಯ ಕಪ್ಪು ಮೈಯಲ್ಲಿ ಅದು ಸುತ್ತಲಿನ ಚರ್ಮಕ್ಕಿಂತ ಇನ್ನಷ್ಟು ಕಪ್ಪಾಗಿ, ಬೂದಿಯಾಗಿ, ನೇರಳೆಯಾಗಿ ಕಾಣಬಹುದು. ಟಾರ್ಚಿನ ಬೆಳಕಿನಲ್ಲಿ ಏನೂ ಕಾಣದೆಯೂ ಇರಬಹುದು. ಮುಟ್ಟಬೇಕು, ಇನ್ನೊಂದು ಬದಿಯ ಜೊತೆ ಹೋಲಿಸಬೇಕು. ಕಣ್ಣಿಗಿಂತ ಕೈ ಮೇಲು.

ಆ ನೀಲಿ ಗೆರೆಯ ವಿಷಯ ಇನ್ನೊಂದು. ಮೊದಲ ರಾತ್ರಿ ಬಿಸಿ ಗೆರೆ ದಾಟಿ ಎರಡು ಬೆರಳು ಮೇಲೆ ಹೋಯಿತು. ಡ್ಯೂಟಿ ಬದಲಾಗಿ ಬಂದ ಇನ್ನೊಬ್ಬರು ಸಿಸ್ಟರ್ ಎರಡನೆಯ ಗೆರೆ ಎಳೆದರು. ಮೂರನೆಯ ದಿನ ಅದು ಎರಡನೆಯ ಗೆರೆಯಿಂದ ಕೆಳಗಿಳಿಯಿತು. ಮಾವನಿಗೆ ಅದು ಮೋಜಾಗಿ, ನೋಡಲು ಬಂದವರಿಗೆಲ್ಲ ಪಂಚೆ ಎತ್ತಿ ‘ನೆರೆ ಇಳೀತಾ ಉಂಟು’ ಎಂದು ಸೇತುವೆಯ ಕಂಬದಲ್ಲಿ ನೀರಿನ ಗುರುತು ತೋರಿಸುವವರಂತೆ ತೋರಿಸುತ್ತಿದ್ದರು.

ನಿನ್ನೆಗಿಂತ ಹೆಚ್ಚಾ, ಕಮ್ಮಿಯಾ

ನನಗೆ ಸಿಟ್ಟು ಬಂದದ್ದು ನನ್ನ ಅಜ್ಞಾನಕ್ಕಿಂತ ಹೆಚ್ಚಾಗಿ ಮರೆವಿನ ಮೇಲೆ. ಯಾಕೆಂದರೆ ಗಾಯ ನೋಡುವುದು ಹೇಗೆಂದು ನನಗೆ ಸಣ್ಣದರಲ್ಲೇ ಗೊತ್ತಿತ್ತು. ಅಜ್ಜಿ ನೋಡುತ್ತಿದ್ದರು. ಎರಡನೇ ಕ್ಲಾಸಿನಲ್ಲಿ ನಾನು ಶಾಲೆಯ ಮೆಟ್ಟಿಲಿನಲ್ಲಿ ಬಿದ್ದು ಮಂಡಿ ಒಡೆದುಕೊಂಡೆ. ಮುರಕಲ್ಲಿನ ಮೆಟ್ಟಿಲು, ಚರ್ಮದ ಜೊತೆ ಕಲ್ಲಿನ ಹುಡಿಯೂ ಒಳಗೆ. ಅಂದಿನಿಂದ ಹದಿನೈದು ದಿನ ಬೆಳಿಗ್ಗೆ ಹಲ್ಲುಜ್ಜಿದ ಕೂಡಲೇ ಜಗಲಿಯ ತುದಿಯಲ್ಲಿ, ಬಿಸಿಲು ಬೀಳುವ ಜಾಗದಲ್ಲಿ ಕೂರಬೇಕು. ಅಜ್ಜಿ ಕನ್ನಡಕ ಹಾಕಿಕೊಂಡು, ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದು ಮೊದಲು ಮೂಸುತ್ತಿದ್ದರು. ನನಗೆ ನಾಚಿಕೆ. ಆಮೇಲೆ ಗಾಯದಿಂದ ದೂರದಲ್ಲಿ ಶುರು ಮಾಡಿ, ಹೆಬ್ಬೆರಳಿನಿಂದ ಒತ್ತುತ್ತ ಒತ್ತುತ್ತ ಗಾಯದ ಹತ್ತಿರ ಬರುತ್ತಿದ್ದರು, ನಾನು ‘ಹಾ’ ಎನ್ನುವ ತನಕ. ಆ ‘ಹಾ’ ನಿನ್ನೆ ಎಲ್ಲಿತ್ತು, ಇವತ್ತು ಎಲ್ಲಿದೆ ಎಂಬುದೇ ಅವರ ಲೆಕ್ಕ. ಕೊನೆಗೆ ತೊಡೆಸಂದಿಗೆ ಬೆರಳಿಟ್ಟು ಗೋಲಿಯ ಹಾಗೆ ಏನಾದರೂ ಸಿಗುತ್ತದಾ ನೋಡುವುದು. ಮತ್ತೆ ಒಂದೇ ಪ್ರಶ್ನೆ: ನಿನ್ನೆಗಿಂತ ನೋವು ಹೆಚ್ಚಾ, ಕಮ್ಮಿಯಾ?

ಈಗ ಯೋಚಿಸಿದರೆ, ಓದು ಬರಹ ಬಾರದ ಆ ಹೆಂಗಸು ಸೋಂಕಿನ ಬಗ್ಗೆ ಕೇಳಬೇಕಾದ ಪ್ರಶ್ನೆಯನ್ನೇ ಕೇಳುತ್ತಿದ್ದರು. ಹೊಸ ಗಾಯದ ಸುತ್ತ ಮೊದಲ ಎರಡು ಮೂರು ದಿನ ಊತ, ಬಿಸಿ, ನೋವು ಎಲ್ಲ ಇದ್ದೇ ಇರುತ್ತದೆ. ಅದು ದೇಹದ ರಿಪೇರಿ ಕೆಲಸ. ತಿಳಿ ಹಳದಿ ನೀರು ಒಸರುವುದೂ ರಿಪೇರಿಯೇ. ಆದರೆ ಇವೆಲ್ಲ ಮೂರನೆಯ ದಿನದಿಂದ ಇಳಿಮುಖವಾಗಬೇಕು. ಇಳಿಯುತ್ತಿದ್ದ ನೋವು ಮತ್ತೆ ಏರಿತೆಂದರೆ, ರಾತ್ರಿ ನಿದ್ದೆ ಕೆಡಿಸುವಷ್ಟು ಟಕಟಕ ಮಿಡಿಯಿತೆಂದರೆ, ಊತ ಗಾಯದ ಅಂಚು ದಾಟಿ ನಡೆಯಿತೆಂದರೆ, ತಿಳಿನೀರು ಗಟ್ಟಿಯಾಗಿ ಮೊಸರಿನಂತೆಯೋ ಹಸಿರಾಗಿಯೋ ಬಂದು ವಾಸನೆ ಹೊಡೆಯಿತೆಂದರೆ, ಲೆಕ್ಕ ತಪ್ಪಿದೆ. ಹಾಗಾಗಿ ಒಂದು ದಿನದ ನೋಟದಲ್ಲಿ ಹೇಳುವುದು ಕಷ್ಟ. ನಾನು ಐದನೆಯ ದಿನ ಒಂದೇ ಸಲ ನೋಡಿದೆ, ನಾಲ್ಕನೆಯ ದಿನ ಹೇಗಿತ್ತೆಂದು ಅತ್ತೆಯನ್ನು ಕೇಳಲಿಲ್ಲ. ಕೇಳಿದ್ದರೆ ಅವರು ಹೇಳುತ್ತಿದ್ದರು, ಬೆಳಿಗ್ಗೆಯಿಂದ ಬಟ್ಟೆ ಎರಡು ಸಲ ಒದ್ದೆಯಾಗಿದೆ ಎಂದು. (ಹೊಸದಾಗಿ ಬೆಳೆಯುವ ಮಾಂಸ ಹಸಿಯಾಗಿ, ಕೆಂಪು ಹರಳಿನ ಹಾಗೆ ಇರುತ್ತದೆ, ಅದನ್ನು ಕಂಡು ಹೆದರುವವರಿದ್ದಾರೆ. ತಳದಲ್ಲಿ ಅಂಟಿಕೊಂಡ ಹಳದಿ ಪೊರೆಯೆಲ್ಲ ಕೀವೂ ಅಲ್ಲ. ತುರಿಕೆ ಬಂದರೆ ಸಾಮಾನ್ಯವಾಗಿ ಮಾಯುತ್ತಿದೆ ಎಂದೇ ಅರ್ಥ. ಇವೆಲ್ಲ ಡ್ರೆಸ್ಸಿಂಗ್ ರೂಮಿನ ಬೆಂಚಿನಲ್ಲಿ ಏಳು ವಾರ ಕೂತು ನಾನು ಕಲಿತದ್ದು.)

ಗಾಯದಿಂದ ಮೇಲಕ್ಕೆ ದಾರದಂತೆ ಒಂದು ಗೆರೆ ಹತ್ತುವುದುಂಟು, ತಿಳಿ ಬಣ್ಣದ ಚರ್ಮದವರಲ್ಲಿ ಕೆಂಪಾಗಿ ಕಾಣುತ್ತದೆ. ಸೋಂಕು ದುಗ್ಧನಾಳ (ಲಿಂಫ್ ನಾಳ) ಹಿಡಿದು ಹೊರಟಿದೆ ಎಂದರ್ಥ. ಅಜ್ಜಿ ತೊಡೆಸಂದಿಯಲ್ಲಿ ಹುಡುಕುತ್ತಿದ್ದ ಗೋಲಿ ಅದರ ಮುಂದಿನ ನಿಲ್ದಾಣ. ಅದು ಕಂಡರೆ ನಾಳೆ ನೋಡುವ ಎನ್ನುವ ಹಾಗಿಲ್ಲ. ಮತ್ತೊಂದು ಇನ್ನೂ ಕೆಟ್ಟದ್ದು, ಅಪರೂಪವೂ ಹೌದು: ಗಾಯ ಸಣ್ಣದು, ನೋವು ಮಾತ್ರ ಮನುಷ್ಯನನ್ನು ಅಳಿಸುವಷ್ಟು. ಮೇಲಿನ ಚರ್ಮ ಇನ್ನೂ ಸರಿಯಾಗಿ ಕಾಣುತ್ತಿರುವಾಗಲೇ ಒಳಗಿನ ಪದರ ಕೊಳೆಯುತ್ತಿರುತ್ತದೆ. ಆಮೇಲೆ ನೀರ್ಗುಳ್ಳೆ, ಸೀಸದ ಬಣ್ಣ, ಒತ್ತಿದರೆ ಕರಕರ. ಗಂಟೆಗಳ ಲೆಕ್ಕದಲ್ಲಿ ಆಪರೇಷನ್ ಆಗಬೇಕಾದ ಕಾಯಿಲೆ ಅದು. ಜ್ವರ, ನಡುಕ, ಏದುಸಿರು, ಮೂತ್ರ ಕಡಿಮೆಯಾಗುವುದು, ಹಿರಿಯರು ಇದ್ದಕ್ಕಿದ್ದಂತೆ ಮಂಕಾಗಿ ಏನೇನೋ ಮಾತಾಡುವುದು, ಇವಕ್ಕೆ ಬಂದರೆ ಗಾಯದ ಮಾತು ಮುಗಿಯಿತು, ಸೋಂಕು ಇಡೀ ಮೈಗೆ ಹತ್ತಿದೆ. ಮಾವ ಆ ಹೊಸ್ತಿಲ ತನಕ ಹೋಗಿ ಬಂದವರು.

ಟೀಟಿ, ನೊರೆ, ನಂಜು

‘ಟೀಟಿ ಹಾಕಿಸಿದ್ದೇನಲ್ಲ, ಮತ್ತೆಂತಕ್ಕೆ ಕೀವಾಗೋದು?’ ಆಸ್ಪತ್ರೆಗೆ ಹೊರಡುವಾಗಲೂ ಮಾವನ ವಾದ ಇದೇ. ಊರಿನಲ್ಲಿ ಹತ್ತು ಜನರನ್ನು ಕೇಳಿದರೆ ಎಂಟು ಜನ ಇದನ್ನೇ ಹೇಳಿಯಾರು. ಆ ಇಂಜೆಕ್ಷನ್ (ಸರಕಾರಿ ಆಸ್ಪತ್ರೆಯಲ್ಲಿ ಈಗ ಕೊಡುವುದು ಟೀಡಿ, ಗಂಟಲಮಾರಿಯ ಲಸಿಕೆಯನ್ನೂ ಸೇರಿಸಿದ್ದು) ಕಾಯುವುದು ಧನುರ್ವಾಯುವಿನಿಂದ ಮಾತ್ರ. ಕೀವು ಮಾಡುವ ಬ್ಯಾಕ್ಟೀರಿಯಾಗಳೇ ಬೇರೆ. ಧನುರ್ವಾಯುವಿನ ಕ್ರಿಮಿ ಮಣ್ಣಿನಲ್ಲಿ, ಸೆಗಣಿಯಲ್ಲಿ ಬೀಜದಂತೆ ವರ್ಷಗಟ್ಟಲೆ ಕೂತಿದ್ದು, ಗಾಳಿಯಾಡದ ಆಳದ ಗಾಯ ಸಿಕ್ಕಿದರೆ ಮೊಳೆಯುತ್ತದೆ. ಗಾಯ ನೋಡಲು ಚೆನ್ನಾಗಿಯೇ ಇದ್ದು ಮಾಯುತ್ತಿರುವಾಗ ದವಡೆ ಬಿಗಿಯಬಹುದು. ಹಾಗಾಗಿ ಅದನ್ನು ಹಾಕಿಸುವುದು ತಪ್ಪಲ್ಲ, ಹಾಕಿಸಲೇಬೇಕು. ಆದರೆ ಅದು ಒಂದು ಬಾಗಿಲಿನ ಬೀಗ. ಇಡೀ ಮನೆಗೆ ಬೀಗ ಹಾಕಿದ ನೆಮ್ಮದಿಯಲ್ಲಿ ಮಾವ ನಾಲ್ಕು ದಿನ ಮಲಗಿದರು. ಅದರ ಮೇಲೆ ಮೈಕೈ ನೋವೆಂದು ದಿನಕ್ಕೆ ಮೂರು ಪ್ಯಾರಸಿಟಮಾಲ್ ಬೇರೆ. ಬಂದ ಜ್ವರವನ್ನು ಅದು ಬಂದಂತೆಯೇ ಇಳಿಸುತ್ತಿತ್ತು, ನಮಗೆ ಸುದ್ದಿಯೇ ಮುಟ್ಟಲಿಲ್ಲ.

ಅತ್ತೆಯ ಹತ್ತಿರ ಇನ್ನೊಂದು ಸೀಸೆ ಇತ್ತು, ಹಾಕಿದರೆ ಬುರುಬುರು ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡ್. ನೊರೆ ಬಂದಷ್ಟೂ ಕೀವು ಹೋಗುತ್ತದೆ ಎಂದು ಅವರ ನಂಬಿಕೆ, ನನ್ನದೂ ಹೌದು. ಅದು ಒಳ್ಳೆಯ ರಕ್ತಕ್ಕೂ ನೊರೆಯುತ್ತದೆ, ಹೊಸ ಮಾಂಸಕ್ಕೂ ನೊರೆಯುತ್ತದೆ; ದಿನಾ ಹಾಕಿದರೆ ಹೊಸ ಮಾಂಸವನ್ನೇ ಸುಡುತ್ತದೆ. ಗಾಯವಾದ ಕೂಡಲೇ ಹರಿಯುವ ಶುದ್ಧ ನೀರಿನಲ್ಲಿ ಐದು ಹತ್ತು ನಿಮಿಷ ತೊಳೆದು, ಸುತ್ತಲಿನ ಕೆಸರಿಗೆ ಸಾಬೂನು ಹಾಕಿದ್ದರೆ ಸಾಕಿತ್ತು ಎಂದು ಡಾಕ್ಟರು ಹೇಳಿದಾಗ ಅತ್ತೆಗೆ ನಿರಾಸೆಯಾಯಿತು. ಇಷ್ಟು ಸುಲಭದ್ದು ಔಷಧವಾಗುವುದುಂಟೇ! ಗಾಯಕ್ಕೆ ಗಾಳಿಯಾಡಬೇಕು, ಒಣಗಬೇಕು ಎನ್ನುವುದೂ ಹಾಗೆಯೇ ಹೋಯಿತು. ಹಸಿಯಾಗಿ ಮುಚ್ಚಿಟ್ಟ ಗಾಯದ ಮೇಲೆ ಚರ್ಮ ಬೇಗ ಹರಡುತ್ತದೆ ಎಂದು 1962ರಲ್ಲೇ ಜಾರ್ಜ್ ವಿಂಟರ್ ಎಂಬವರು ಹಂದಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದಾರಂತೆ. ನಾವು ಇನ್ನೂ ಹಕ್ಕಳೆ ಕಟ್ಟಿತೆಂದರೆ ಗೆದ್ದೆವು ಎನ್ನುತ್ತೇವೆ. ಹಕ್ಕಳೆಯ ಅಡಿಯಲ್ಲಿ ಕೀವು ಗೂಡು ಕಟ್ಟಿರಬಹುದು.

ಅಜ್ಜಿಯೂ ಎಲ್ಲ ಸರಿಯಾಗಿ ಮಾಡುತ್ತಿರಲಿಲ್ಲ ಅನ್ನಿ. ಮೂಸಿ, ಒತ್ತಿ, ಲೆಕ್ಕ ಹಾಕಿದ ಮೇಲೆ ಬೇಲಿಯಿಂದ ಕಮ್ಯುನಿಸ್ಟ್ ಗಿಡದ ಸೊಪ್ಪು ಕೊಯ್ದು, ಅಂಗೈಯಲ್ಲಿ ಹೊಸಕಿ ರಸ ಹಿಂಡುತ್ತಿದ್ದರು. ರಕ್ತ ನಿಲ್ಲುತ್ತಿತ್ತು, ಉರಿಗೆ ನಾನು ಕುಣಿಯುತ್ತಿದ್ದೆ, ಬೇಲಿಯ ಧೂಳೂ ಒಳಗೆ ಹೋಗುತ್ತಿತ್ತು. ಕೀವು ಬಂದರೆ ‘ಬರಲಿ, ಕೆಟ್ಟದ್ದೆಲ್ಲ ಹೊರಗೆ ಹೋಗ್ತದೆ’ ಎಂದು ಸಮಾಧಾನ. ಅದಕ್ಕಾಗಿ ಅಜ್ಜಿಯನ್ನು ಹಳ್ಳಿಯವರೆಂದು ನಗುವ ಹಾಗಿಲ್ಲ. 1867ರಲ್ಲಿ ಲಿಸ್ಟರ್ ಎಂಬ ಸರ್ಜನ್ ಗಾಯದ ಕ್ರಿಮಿ ಕೊಲ್ಲುವ ಕಾರ್ಬಾಲಿಕ್ ಆಸಿಡ್ಡಿನ ಲೇಖನ ಬರೆಯುವ ತನಕ ಯುರೋಪಿನ ದೊಡ್ಡ ದೊಡ್ಡ ಸರ್ಜನ್ನರೂ ಗಟ್ಟಿ ಬಿಳಿ ಕೀವನ್ನು ಶುಭಸೂಚನೆ ಎಂದೇ ಕರೆಯುತ್ತಿದ್ದರು.

ಇನ್ನು ನಂಜು. ನಮ್ಮ ಕಡೆ ಗಾಯವಾದವನ ಬಟ್ಟಲಿನಿಂದ ಮೊದಲು ಏಳುವುದು ಮೀನು. ಒಣಮೀನು ನಂಜು, ಸಿಗಡಿ ನಂಜು, ಬದನೆ ನಂಜು. ಅದೂ ಆಟಿ, ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆ, ಮಲ್ಪೆಯ ಬಂದರು ಖಾಲಿ, ಮನೆಯಲ್ಲಿ ಇರುವುದೇ ಒಣಸಿಗಡಿಯ ಚಟ್ನಿ. ಅದನ್ನೂ ನಿಲ್ಲಿಸಿ ಮಾವನಿಗೆ ಆರು ದಿನ ಗಂಜಿ, ಉಪ್ಪಿನಕಾಯಿ. ಮಾಂಸ ಕಟ್ಟಲು ದೇಹ ಪ್ರೋಟೀನ್ ಹುಡುಕುವ ಹೊತ್ತಿಗೆ ಸರಿಯಾಗಿ ನಾವು ಅದನ್ನು ಬಾಗಿಲಲ್ಲೇ ತಡೆದೆವು. ಮೊಟ್ಟೆ, ಮೀನು, ಬೇಳೆ ಎಲ್ಲ ಕೊಡಿ ಎಂದು ಡಾಕ್ಟರು ಹೇಳಿದಾಗ ಮಾವ ಅತ್ತೆಯ ಮುಖ ನೋಡಿದ ರೀತಿ ಇತ್ತಲ್ಲ, ಕೋರ್ಟಿನಲ್ಲಿ ಕೇಸು ಗೆದ್ದವರ ನೋಟ ಅದು. ಅತ್ತೆ ಪೂರ್ತಿ ಸೋಲಲಿಲ್ಲ. ಬಂಗುಡೆಗೆ ಒಪ್ಪಿದರು, ಸಿಗಡಿಗೆ ಇಲ್ಲ.

ಮಳೆಗಾಲದ ಮಣ್ಣು

ಕೀವನ್ನು ಕಲ್ಚರಿಗೆ (ಯಾವ ಕ್ರಿಮಿ ಎಂದು ಬೆಳೆಸಿ ನೋಡುವ ಪರೀಕ್ಷೆಗೆ) ಕಳಿಸುವಾಗ ಡಾಕ್ಟರು ಎರಡು ಸಲ ಕೇಳಿದರು: ಗದ್ದೆಯಾ, ತೋಟವಾ, ಕೆಸರಿನಲ್ಲಿ ಎಷ್ಟು ಹೊತ್ತು ನಿಂತಿದ್ದರು? ಯಾಕೆಂದು ಆಗ ತಿಳಿಯಲಿಲ್ಲ. ನಮ್ಮ ಕರಾವಳಿಯ ಮಣ್ಣಿನಲ್ಲಿ, ನಿಂತ ನೀರಿನಲ್ಲಿ ಮೆಲಿಯಾಯ್ಡೋಸಿಸ್ ಎಂಬ ಕಾಯಿಲೆಯ ಬ್ಯಾಕ್ಟೀರಿಯಾ ಇದೆ. ಕಳೆದ ಶತಮಾನದ ಆರಂಭದಲ್ಲಿ ರಂಗೂನಿನಲ್ಲಿ ವಿಟ್ಮೋರ್ ಎಂಬ ವೈದ್ಯರು ಮೊದಲು ಗುರುತಿಸಿದ್ದು. ಮಣಿಪಾಲದ ವೈದ್ಯರು ವರ್ಷಗಳಿಂದ ಇದರ ರೋಗಿಗಳನ್ನು ಕಂಡು ಬರೆಯುತ್ತ ಬಂದಿದ್ದಾರೆ, ಹೆಚ್ಚಿನವು ಮಳೆಗಾಲದ ಕೇಸುಗಳು. ಕಾಲಿನ ಸಣ್ಣ ಗೀರಿನಿಂದಲೂ ಒಳಗೆ ಬರಬಹುದು, ಶುಗರ್ ಇದ್ದವರನ್ನು ಹುಡುಕಿಕೊಂಡು ಬಂದ ಹಾಗೆ ಹಿಡಿಯುತ್ತದೆ. ಗಾಯದಲ್ಲೇ ಹುಣ್ಣಾಗಿ ನಿಲ್ಲಬಹುದು, ಶ್ವಾಸಕೋಶಕ್ಕೆ ಹೋಗಿ ಕ್ಷಯದ ವೇಷ ಹಾಕಬಹುದು, ಲಿವರ್, ಗುಲ್ಮದಲ್ಲಿ ಕೀವು ಕಟ್ಟಬಹುದು. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಐದು ದಿನದ ಮಾತ್ರೆಗೆ ಇದು ಜಗ್ಗುವುದಿಲ್ಲ. ಎರಡು ವಾರದಷ್ಟು ನರಕ್ಕೆ ಇಂಜೆಕ್ಷನ್, ಆಮೇಲೆ ಕನಿಷ್ಠ ಮೂರು ತಿಂಗಳು ಮಾತ್ರೆ. ಮಾಯದ ಹುಣ್ಣು, ಇಳಿಯದ ಜ್ವರ, ಮಳೆಗಾಲ, ಶುಗರ್, ಈ ನಾಲ್ಕು ಒಟ್ಟಾದರೆ ಕಲ್ಚರ್ ಮಾಡಿಸಿ ಎಂದು ನಾವೇ ಬಾಯಿಬಿಟ್ಟು ಕೇಳಬೇಕು.

ಮಾವನ ರಿಪೋರ್ಟು ಮೂರನೆಯ ದಿನ ಬಂತು. ಅದಲ್ಲ. ಎಲ್ಲರ ಮೂಗಿನಲ್ಲೂ ಚರ್ಮದಲ್ಲೂ ಇರಬಹುದಾದ ಸಾದಾ ಸ್ಟೆಫೈಲೋಕಾಕಸ್. ಅತ್ತೆಗೆ ಆ ಹೆಸರು ಹೇಳಲು ಬರದೆ ‘ಅದು ಮಾಮೂಲಿದ್ದಂತೆ’ ಎಂದು ಫೋನಿನಲ್ಲಿ ಎಲ್ಲರಿಗೂ ಹೇಳಿದರು.

ಅದೇ ಕೆಸರಿನಲ್ಲಿ ಇಲಿಜ್ವರವೂ ಉಂಟು, ಅದಕ್ಕೂ ಒಡೆದ ಚರ್ಮವೇ ದಾರಿ. ಅಲ್ಲಿ ಗಾಯ ಕೆಡುವುದಿಲ್ಲ, ಜ್ವರ ಮತ್ತು ಮೀನಖಂಡದ ನೋವಾಗಿ ಬರುತ್ತದೆ. ಬೆರಳ ಸಂದಿಗೆ ಕೆಸರು ತಿನ್ನುವುದನ್ನು ನಾವು ಗಾಯ ಎಂದು ಎಣಿಸುವುದೇ ಇಲ್ಲ. ಆನೆಕಾಲಿನವರಿಗೆ ವರ್ಷಕ್ಕೆ ಎರಡು ಮೂರು ಸಲ ಕಾಲು ಉರಿದು ಚಳಿಜ್ವರ ಬರುವುದು ಬಹುಪಾಲು ಆ ಸಂದಿಯಿಂದಲೇ. ಕಾಲು ತೊಳೆದು ಒಳಗೆ ಬರುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಬೆರಳ ಸಂದಿ ಒರೆಸಿಕೊಳ್ಳುವುದು ಯಾರಿಗೂ ಗೊತ್ತಿಲ್ಲ.

ನೈಲಾನ್ ದಾರ

ಎಂಟು ದಿನ ಆಸ್ಪತ್ರೆಯಲ್ಲಿದ್ದರು. ಸೀಳಿನ ಅಡಿಯಲ್ಲಿ ಕಟ್ಟಿದ್ದ ಕೀವಿನ ಗೂಡನ್ನು ಬಿಡಿಸಿ, ಸತ್ತ ಮಾಂಸ ತೆಗೆದರು. ಬೆರಳು ಉಳಿಯಿತು. ಅಡ್ಮಿಟ್ ಆದ ದಿನ ಶುಗರ್ 340 ಇತ್ತು. ಮಾತ್ರೆ ಬಿಟ್ಟಿಲ್ಲ, ಸಿಹಿ ತಿಂದಿಲ್ಲ ಎಂದು ಮಾವ ಆಣೆ ಮಾಡಿದರು, ನಿಜವೇ ಇತ್ತು. ಸೋಂಕು ತಾನೇ ಶುಗರನ್ನು ಏರಿಸುತ್ತದೆಯಂತೆ. ಕಾರಣವಿಲ್ಲದೆ ಶುಗರ್ ಏರಿದರೆ ಎಲ್ಲಾದರೂ ಗಾಯ ಉಂಟಾ ಎಂದು ಹುಡುಕಬೇಕು. ಮನೆಯಲ್ಲಿ ಗ್ಲುಕೋಮೀಟರ್ ಇತ್ತು, ಷೋಕೇಸಿನಲ್ಲಿ, ಮೊಮ್ಮಗನ ಟ್ರೋಫಿಯ ಪಕ್ಕ.

ಬಿಡುಗಡೆಯ ಹಿಂದಿನ ದಿನ ಡಾಕ್ಟರು ಒಂದು ಪೆನ್ನಿನಂಥದ್ದನ್ನು ತಂದರು. ತುದಿಯಲ್ಲಿ ದಪ್ಪ ನೈಲಾನ್ ದಾರ, ಗಾಳದ ದಾರದ ಹಾಗೆ. ಚರ್ಮಕ್ಕೆ ಒತ್ತಿದರೆ ಹತ್ತು ಗ್ರಾಂ ಭಾರಕ್ಕೆ ಸರಿಯಾಗಿ ಬಾಗುತ್ತದೆ. ‘ಕಣ್ಣು ಮುಚ್ಚಿ, ತಾಗಿದ ಕೂಡ್ಲೆ ಹೇಳಿ’ ಎಂದರು. ಮೊದಲು ಕೈಗೆ ಮುಟ್ಟಿಸಿದರು. ‘ಹಾಂ’ ಎಂದರು ಮಾವ. ಆಮೇಲೆ ಎಡಗಾಲು, ಅಂದರೆ ಗಾಯವಿಲ್ಲದ, ನಾವೆಲ್ಲ ಒಳ್ಳೆಯದೆಂದು ತಿಳಿದ ಕಾಲು. ಹೆಬ್ಬೆರಳ ತುದಿ. ಮೂರನೆಯ ಬೆರಳು. ಅಂಗಾಲಿನ ಮುಂಭಾಗದಲ್ಲಿ ಮೂರು ಕಡೆ. ದಾರ ಬಾಗುತ್ತಿತ್ತು, ನೇರವಾಗುತ್ತಿತ್ತು. ವಾರ್ಡಿನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನಿಲ್ಲ. ನಾನು ಮಂಚದ ಕಾಲುಕಡೆ ನಿಂತು ಎಣಿಸುತ್ತಿದ್ದೆ, ಏಳಾಯಿತು, ಎಂಟಾಯಿತು. ಮಾವ ಕಣ್ಣು ಮುಚ್ಚಿಕೊಂಡೇ, ಸ್ವಲ್ಪ ಬೇಸರದಲ್ಲಿ ಕೇಳಿದರು: ‘ಶುರು ಮಾಡುವುದಿಲ್ವಾ ಡಾಕ್ಟ್ರೆ?’

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದರು.

ನಾಲ್ಕು ಲಕ್ಷಣಗಳಲ್ಲಿ ಒಂದನ್ನು ಮಾವನ ಚರ್ಮ ಮುಚ್ಚಿಟ್ಟಿತ್ತು, ಇನ್ನೊಂದನ್ನು ಅವರ ನರಗಳು ಎಂದೋ ಅಳಿಸಿ ಹಾಕಿದ್ದವು. ನೋವಿಲ್ಲ ಎಂದು ಅವರು ಹೇಳಿದ್ದು ಸುಳ್ಳಲ್ಲ, ಧೈರ್ಯವೂ ಅಲ್ಲ. ನನಗೆ ಆ ಸಂಜೆ ನೆನಪಾದದ್ದು, ಎರಡು ವರ್ಷದ ಹಿಂದೆ ಮಾವ ‘ಕಾಲಿಗೆ ಹತ್ತಿ ಕಟ್ಟಿದ ಹಾಗೆ ಆಗ್ತದೆ’ ಎಂದು ಹೇಳಿದ್ದು, ನಾವು ಅದನ್ನು ವಯಸ್ಸಾಯಿತು ಎಂಬಲ್ಲಿಗೆ ಬಿಟ್ಟದ್ದು.

ಈಗ ಮನೆಯೊಳಗೂ ಎಂಸಿಆರ್ ಚಪ್ಪಲಿ, ಶುಗರ್ ಇದ್ದವರ ಕಾಲಿಗೆಂದು ಮಾಡಿದ ಮೆತ್ತನೆಯ ರಬ್ಬರಿನದ್ದು. ಕೆಂಪು ನೆಲದ ಮೇಲೆ ಚಪ್ಪಲಿ ಹಾಕಿ ನಡೆಯುವುದನ್ನು ನೋಡಲು ಅತ್ತೆಗೆ ಇನ್ನೂ ಅಭ್ಯಾಸವಾಗಿಲ್ಲ. ದೇವರ ಕೋಣೆಯ ಹತ್ತಿರ ಬಂದಾಗ ಒಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಾರೆ, ಮಾವ ತಿರುಗುತ್ತಾರೆ. ತೋಟಕ್ಕೆ ಇಳಿಯುವಾಗ ಗಂಬೂಟು. ಹಾಕುವ ಮೊದಲು ಅದನ್ನು ಬೋರಲು ಹಾಕಿ ಕೊಡವುತ್ತಾರೆ, ಕಲ್ಲೋ ಚೇಳೋ ಇದ್ದರೆ ಕಾಲಿಗೆ ತಿಳಿಯುವುದಿಲ್ಲ ಎಂದು. ಬೆಳಿಗ್ಗೆ ಕಾಫಿಯಾದ ಮೇಲೆ ಜಗಲಿಯ ತುದಿಯಲ್ಲಿ, ಅಜ್ಜಿ ನನ್ನನ್ನು ಕೂರಿಸುತ್ತಿದ್ದ ಅದೇ ಬಿಸಿಲಿನ ಜಾಗದಲ್ಲಿ ಕೂತು, ಅತ್ತೆ ಎರಡೂ ಅಂಗಾಲು ನೋಡುತ್ತಾರೆ, ಬೆರಳ ಸಂದಿ ಬಿಡಿಸಿ ಒರೆಸುತ್ತಾರೆ, ಅಂಗೈ ಮಗುಚಿ ಎಡಬಲ ಮುಟ್ಟುತ್ತಾರೆ. ಆಮೇಲೆ ಒಂದು ಫೋಟೊ ನನಗೆ ಬರುತ್ತದೆ. ತಾರೀಕು ತಪ್ಪಬಾರದೆಂದು ಮಾವ ಪಾದದ ಪಕ್ಕ ಆ ದಿನದ ಉದಯವಾಣಿ ಇಟ್ಟುಕೊಳ್ಳುತ್ತಾರೆ. ಇವತ್ತು ಬಂದದ್ದರಲ್ಲಿ ಹೆಬ್ಬೆರಳ ಬುಡದ ಕಲೆ ತೆಳ್ಳಗೆ ಬಿಳಿಚಿಕೊಂಡಿದೆ, ಪೇಪರಿನ ಮೂಲೆ ಮಳೆಹನಿಗೆ ಒದ್ದೆಯಾಗಿದೆ. ಬಲ ಹಿಮ್ಮಡಿಯ ಅಂಚಿನಲ್ಲಿ ಒಂದು ಕಪ್ಪು ಚುಕ್ಕೆ ಕಂಡಿತು. ನಿನ್ನೆಯ ಫೋಟೊ ತೆಗೆದು ಪಕ್ಕದಲ್ಲಿಟ್ಟು ನೋಡಿದೆ, ಅದರಲ್ಲಿ ಇರಲಿಲ್ಲ. ಫೋನ್ ಮಾಡಿದೆ. ಅತ್ತೆ ಹೋಗಿ ಬೆರಳಿಂದ ಉಜ್ಜಿ ನೋಡಿ ಬಂದರು.

‘ಮಸಿ ಮಾರಾಯ್ತಿ,’ ಎಂದರು. ‘ಪೇಪರಿದ್ದು.’